ತಿಳಿಬಣ್ಣದ ಕಪಾಟು

ಕಂತು ನಾಲ್ಕು

ಕರಿಬಸಮ್ಮ ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯನ್ನು ಕಪಾಟಿನ ಬಾಗಿಲ ಒಂದು ಮೂಲೆಗೆ ಒತ್ತಿ, ಎರಡು ಸಲ ಉಜ್ಜಿ ತೆಗೆದರು. ಬಟ್ಟೆ ಕಂದು ಬಣ್ಣಕ್ಕೆ ತಿರುಗಿತ್ತು. ಅದನ್ನು ಎಎಸ್‌ಐ ಯೋಗರಾಜ್ ಅವರ ಮುಂದೆ ಹಿಡಿದರು.

“ನೋಡಿ ಸಾರ್, ಇದು ಹಳೇ ಕಾಲದ ಅರಗಿನ ಪಾಲಿಶು. ಸ್ಪಿರಿಟ್ ಮುಟ್ಟಿಸಿದ್ರೆ ಸಾಕು, ಕರಗಿ ಬರುತ್ತೆ. ಇದಕ್ಕೆ ಯಾರಾದ್ರೂ ಪೇಂಟ್ ರಿಮೂವರ್ ತರ್ತಾರಾ?”

ಯೋಗರಾಜ್ ಬೋರಲು ಹಾಕಿದ ಡಬ್ಬದ ಮೇಲೆ ಕೂತು ಎಡಗಾಲನ್ನು ಉದ್ದಕ್ಕೆ ಚಾಚಿದ್ದರು. ಮಂಡಿ ಬೆಳಿಗ್ಗೆಯಿಂದ ಹಿಡಿದುಕೊಂಡಿತ್ತು. ಏಪ್ರಿಲ್ ಬಿಸಿಲಿಗೆ ತಲೆಯ ಮೇಲಿನ ತಗಡು ಕಾದು ಶೆಡ್ಡಿನೊಳಗೆ ಕೂರಲಾಗುತ್ತಿರಲಿಲ್ಲ. ಕೈಲಿದ್ದ ಕಾಗದಕ್ಕೆ ಈ ಹೆಂಗಸಿನ ಒಂದು ಸಹಿ ಬಿದ್ದರೆ ಅವರ ಕೆಲಸ ಮುಗಿಯುತ್ತಿತ್ತು.

ಎಂಟು ದಿನದ ಹಿಂದೆ, ಮಲವಗೊಪ್ಪದ ಇದೇ ಪಾಲಿಶ್ ಶೆಡ್ಡಿನಲ್ಲಿ ಕರಿಬಸಮ್ಮನ ಗಂಡ ದೇವರಾಜ್ ಚಾಪೆಯ ಮೇಲೆ ಮಲಗಿದಲ್ಲೇ ಸತ್ತಿದ್ದರು. ನೆಲದ ಮಟ್ಟದಲ್ಲೇ ತುಂಬಿಕೊಳ್ಳುವ ಪೇಂಟ್ ರಿಮೂವರಿನ ಆವಿಗೆ ಉಸಿರು ಕಟ್ಟಿದೆ ಎಂದು ಡಾಕ್ಟರು ಬರೆದರು. ಆಕಸ್ಮಿಕ ಎಂದು ಇನ್ಸ್‌ಪೆಕ್ಟರು ಬರೆದರು. ಅದನ್ನು ಓದಿ ಒಪ್ಪಿದ್ದೇನೆ ಎಂದು ಹೆಂಡತಿ ಬರೆಯಬೇಕಿತ್ತು, ಅಷ್ಟೇ.

ಕರಿಬಸಮ್ಮ ಬರೆಯಲಿಲ್ಲ. ಕಾಗದವನ್ನು ನೋಡಲೂ ಇಲ್ಲ. ಸ್ಪಿರಿಟ್ ಬಾಟಲಿ ತೆಗೆದು ಕೆಲಸ ತೋರಿಸಲು ನಿಂತರು.

ಯೋಗರಾಜ್‌ಗೆ ನಿವೃತ್ತಿಗೆ ಎರಡು ತಿಂಗಳು ಬಾಕಿ. ಮೂವತ್ತಾರು ವರ್ಷದಲ್ಲಿ ಇಂಥ ಎಷ್ಟೋ ಹೆಂಗಸರ ಮುಂದೆ ಇಂಥ ಎಷ್ಟೋ ಕಾಗದ ಹಿಡಿದಿದ್ದರು. ಬಹಳ ಜನ ಅಳುತ್ತಲೇ ಸಹಿ ಮಾಡುತ್ತಿದ್ದರು. ಈಕೆ ಅಳುತ್ತಲೂ ಇರಲಿಲ್ಲ. ಇಪ್ಪತ್ತು ವರ್ಷ ಗಂಡನ ಜೊತೆ ಇದೇ ಶೆಡ್ಡಿನಲ್ಲಿ ದುಡಿದವರು. ದೇವರಾಜ್ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಎರಕದ ಅಚ್ಚಿಗೆ ಮರದ ಮಾದರಿ ಕೆತ್ತುತ್ತಿದ್ದವರು; ಅಲ್ಲಿ ಗುತ್ತಿಗೆ ಕೆಲಸ ನಿಂತ ಮೇಲೆ ಹಳೆಯ ಮೇಜು, ಮಂಚ, ಕಪಾಟುಗಳಿಗೆ ಹೊಸ ಪಾಲಿಶ್ ಕೊಡುವ ಕಸುಬು ಹಿಡಿದರು. ಅವರು ಹೆರೆಯುತ್ತಿದ್ದರು, ಈಕೆ ಉಪ್ಪು ಕಾಗದ ಹಿಡಿದು ತಿಕ್ಕಿ ಪಾಲಿಶ್ ಹಾಕುತ್ತಿದ್ದರು. ಬೆರಳ ತುದಿಯ ಗೆರೆಗಳೆಲ್ಲ ಸವೆದು ಹೋಗಿವೆ, ರೇಷನ್ ಅಂಗಡಿಯ ಮಷೀನು ತನ್ನ ಬೆರಳು ಹಿಡಿಯುವುದಿಲ್ಲ ಎಂದು ಅವರೇ ಹೇಳಿದರು.

ಆ ದಿನ ಕರಿಬಸಮ್ಮ ತಮ್ಮನ ಮಗುವಿನ ನಾಮಕರಣಕ್ಕೆ ಹೋಗಿದ್ದರು. ಮಧ್ಯಾಹ್ನ ಊಟವಾದ ಮೇಲೆ ದೇವರಾಜ್ ಒಂದು ಗಂಟೆ ನೆಲದ ಮೇಲೆ ಮಲಗುವುದು ಸುತ್ತಮುತ್ತಲಿನವರಿಗೆಲ್ಲ ಗೊತ್ತಿತ್ತು. ಸಂಜೆ ಪಕ್ಕದ ಪಂಕ್ಚರ್ ಅಂಗಡಿಯವನು ಬಂದು ನೋಡಿದಾಗ ಶೆಡ್ಡಿನ ಬಾಗಿಲು ಎಳೆದುಕೊಂಡಿತ್ತು, ಕಿಟಕಿ ಮುಚ್ಚಿತ್ತು, ಚಾಪೆಯ ಪಕ್ಕದ ಬೋಗುಣಿಯಲ್ಲಿ ರಿಮೂವರ್ ಇತ್ತು, ಖಾಲಿ ಡಬ್ಬ ಬದಿಯಲ್ಲಿ ಬಿದ್ದಿತ್ತು.

“ಬಾಗಿಲು ಹಾಕಿದ್ರೆ ಪಾಲಿಶ್ ಒಣಗಲ್ಲ ಸಾರ್. ಮಳೆಗಾಲದಲ್ಲೂ ಅವ್ರು ಬಾಗಿಲು ಹಾಕಿದವರಲ್ಲ,” ಎಂದರು ಕರಿಬಸಮ್ಮ.

ಆಮೇಲೆ ಯೋಗರಾಜ್‌ರನ್ನು ಎಬ್ಬಿಸಿ ಕಿಟಕಿಯ ಹತ್ತಿರ ಕರೆದರು. ಅದೇ ಕಪಾಟಿನಿಂದ ಬಿಚ್ಚಿದ ಇನ್ನೊಂದು ಬಾಗಿಲು ಅಲ್ಲಿ ಎರಡು ಸ್ಟೂಲುಗಳ ಮೇಲೆ ಮಲಗಿತ್ತು. ಕೆಳಗಿನ ಅರ್ಧಕ್ಕಿಂತ ಹೆಚ್ಚು ಭಾಗ ಪಾಲಿಶ್ ಕಳಚಿ ತೇಗದ ಹೊಂಬಣ್ಣ ಬಂದಿತ್ತು. ಮೇಲಿನದು ಇನ್ನೂ ಕಡುಗಪ್ಪು. ರಿಮೂವರ್ ತಾಗಿದ್ದರೆ ಆ ಕಪ್ಪು ಮೈ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಏಳಬೇಕು ಎಂದು ಕರಿಬಸಮ್ಮ ವಿವರಿಸಿದರು. ಯೋಗರಾಜ್ ಕೈ ಆಡಿಸಿ ನೋಡಿದರು. ನುಣ್ಣಗಿತ್ತು. ಡಬ್ಬದ ತುಂಬ ಇದ್ದ ರಿಮೂವರ್ ಮರಕ್ಕೆ ಒಂದು ಹನಿಯೂ ತಾಗಿರಲಿಲ್ಲ.

ಯೋಗರಾಜ್ ಕಾಗದವನ್ನು ಮಡಚಿ ಜೇಬಿಗಿಟ್ಟರು. ಅವರಿಗೆ ಸಂತೋಷವೇನೂ ಆಗಲಿಲ್ಲ. ಇನ್ನೆರಡು ತಿಂಗಳು ನೆಮ್ಮದಿಯಾಗಿ ಕಳೆಯಬೇಕು ಎಂದುಕೊಂಡಿದ್ದು ಇಲ್ಲಿಗೆ ಮುಗಿಯಿತು ಅನಿಸಿತು.

“ಈ ಗೀರುಗಳು ಏನಮ್ಮ?” ಎಂದು ಕೇಳಿದರು.

ತಿಳಿಯಾದ ಭಾಗದಲ್ಲಿ ಅಡ್ಡಡ್ಡ ಗೆರೆಗಳಿದ್ದವು. ಚಾಕುವಿನಿಂದ ಕೊರೆದು, ಆಮೇಲೆ ಮರದ ಹೊಟ್ಟನ್ನು ಅಂಟಿನಲ್ಲಿ ಕಲಸಿ ತುಂಬಿ ಮುಚ್ಚಿದವು. ಕಡು ಪಾಲಿಶ್ ಇದ್ದಷ್ಟು ಕಾಲ ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಬಣ್ಣ ತಿಳಿಯಾದಂತೆ ತುಂಬಿದ ಜಾಗವೆಲ್ಲ ಕಪ್ಪಗೆ ಎದ್ದು ಕಂಡಿತ್ತು. ಪ್ರತಿ ಗೆರೆಯ ಪಕ್ಕ ಒಂದು ಅಕ್ಷರ, ಎರಡು ಅಂಕಿ. ಕ ೮೭ ಎಲ್ಲಕ್ಕಿಂತ ಕೆಳಗೆ. ಅದರ ಮೇಲೆ ಕ ೮೮, ಕ ೮೯, ಹೀಗೆ ಕ ೯೧ರವರೆಗೆ. ಅವುಗಳ ನಡುವೆ ಹ ೮೭, ಹ ೮೮.

ಮಕ್ಕಳ ಎತ್ತರ ಅಳೆದು ಕೊರೆದದ್ದು. ಅದು ದೇವರಾಜ್‌ಗೂ ನೋಡಿದ ಕೂಡಲೇ ಗೊತ್ತಾಗಿತ್ತು ಎಂದು ಕರಿಬಸಮ್ಮ ಹೇಳಿದರು. ಕಪಾಟು ಕೊಟ್ಟಿದ್ದು ಶಿವಮೊಗ್ಗದ ಸಿರಿ ಎಂಬ ಹುಡುಗಿ. ತನ್ನ ಕೋಣೆಗೆ ಬೇಕು, ಕಪ್ಪೆಲ್ಲ ತೆಗೆದು ಮರದ ಬಣ್ಣ ಬರುವ ಹಾಗೆ ಮಾಡಿ ಎಂದಿದ್ದಳು. ಗೀರು ಉಳಿಸಬೇಕೋ ತಿಕ್ಕಿ ತೆಗೆಯಬೇಕೋ ಎಂದು ಕೇಳಲು ದೇವರಾಜ್ ಅವಳಿಗೆ ಫೋಟೊ ಕಳಿಸಿದರು. ಉಳಿಸಿ ಎಂದು ಅವಳು ಬರೆದಳು. ಅದೇ ಸಂಜೆ ಅವಳ ತಂದೆಯ ಫೋನ್ ಬಂತು. ಗೀರೆಲ್ಲ ಮುಚ್ಚಿ ಮೊದಲಿನ ಹಾಗೇ ಕಪ್ಪು ಪಾಲಿಶ್ ಹೊಡೆಯಬೇಕು, ನಾಳೆಯೇ ಆಗಬೇಕು ಎಂದ. ಕೆಲಸ ಕೊಟ್ಟಿದ್ದು ಮಗಳು, ಅವಳು ಒಂದು ಮಾತು ಹೇಳಲಿ ಎಂದು ದೇವರಾಜ್ ಉತ್ತರ ಕೊಟ್ಟರು.

ಅದಾದ ಎರಡನೇ ದಿನ ದೇವರಾಜ್ ಸತ್ತರು.

ಯೋಗರಾಜ್ ಅಲ್ಲಿಂದ ಭದ್ರಾವತಿಗೆ ಬೈಕ್ ತಿರುಗಿಸಿದರು. ದೇವರಾಜ್ ಇಪ್ಪತ್ತು ವರ್ಷದಿಂದ ಸಾಮಾನು ಒಯ್ಯುತ್ತಿದ್ದ ಹಾರ್ಡ್‌ವೇರ್ ಅಂಗಡಿ ಜನ್ನಾಪುರದಲ್ಲಿತ್ತು. ಅಂಗಡಿಯ ಮುದುಕ ಯೋಗರಾಜ್ ಮೊಬೈಲಿನಲ್ಲಿದ್ದ ರಿಮೂವರ್ ಡಬ್ಬದ ಫೋಟೊವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದ. ಈ ಕಂಪನಿಯ ಮಾಲು ತಾವು ಇಡುವುದೇ ಇಲ್ಲ ಎಂದ. ದೇವರಾಜ್ ಯಾವತ್ತೂ ರಿಮೂವರ್ ಕೇಳಿದವರಲ್ಲ, ಅದು ಮರವನ್ನು ಸಾಯಿಸುತ್ತೆ ಅನ್ನುತ್ತಿದ್ದರು ಎಂದು ಹೇಳಿದ. ಇಬ್ಬರೂ ಒಂದೊಂದು ಲೋಟ ಟೀ ಕುಡಿದರು.

ಸ್ಟೇಷನ್ನಿನಲ್ಲಿ ಇನ್ಸ್‌ಪೆಕ್ಟರು ಕಾಗದ ಎಲ್ಲಿ ಎಂದು ಕೇಳಿದರು. ಆಕೆ ಇನ್ನೂ ಸಹಿ ಮಾಡಿಲ್ಲ ಎಂದು ಯೋಗರಾಜ್ ಹೇಳಿದರು. ಅದು ಸುಳ್ಳೇನೂ ಆಗಿರಲಿಲ್ಲ.

ಮರುದಿನ ಬೆಳಿಗ್ಗೆ ಹತ್ತೂವರೆಗೆ ಯೋಗರಾಜ್ ಶಿವಮೊಗ್ಗದ ವಿನೋಬನಗರದಲ್ಲಿ ಆ ಮನೆಯ ಬೆಲ್ ಒತ್ತಿದರು. ಬಾಗಿಲು ತೆಗೆದದ್ದು ಸಿರಿ. ಹದಿನೆಂಟು ಹತ್ತೊಂಬತ್ತರ ಹುಡುಗಿ, ಪರೀಕ್ಷೆಗೆ ಓದುತ್ತಿದ್ದಳೋ ಏನೋ, ಕೈಯಲ್ಲಿ ಪೆನ್ನು ಹಾಗೇ ಇತ್ತು. ದೇವರಾಜ್ ತೀರಿಕೊಂಡಿದ್ದು ಅವಳಿಗೆ ಗೊತ್ತೇ ಇರಲಿಲ್ಲ. ಕೇಳಿ ಅಲ್ಲೇ ಕುರ್ಚಿಯ ಕೈ ಹಿಡಿದುಕೊಂಡಳು.

ಫೋಟೊ ತೋರಿಸು ಎಂದಾಗ ತೋರಿಸಿದಳು. ಒಂದೇ ಫೋಟೊ. ತೀರಾ ಹತ್ತಿರದಿಂದ ತೆಗೆದದ್ದು, ಗೆರೆ ಮತ್ತು ಅಕ್ಷರ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಹ ಅಂದರೆ ಅಪ್ಪ, ಹರ್ಷವರ್ಧನ. ಕ ಯಾರು ಎಂದು ಅಪ್ಪನನ್ನು ಕೇಳಿದಳಂತೆ. ಅಪ್ಪ ಫೋನ್ ಕಿತ್ತುಕೊಂಡು ಫೋಟೊ ನೋಡಿದವನು ಆ ದಿನ ಊಟಕ್ಕೆ ಬರಲಿಲ್ಲವಂತೆ. ಕುಂಸಿಯ ಜಮೀನಿನ ಮಾರಾಟ ಈ ತಿಂಗಳೇ ರಿಜಿಸ್ಟರ್ ಆಗಬೇಕು, ಅದರ ಓಡಾಟದಲ್ಲಿ ಅಪ್ಪನಿಗೆ ತಲೆ ಕೆಟ್ಟಿದೆ ಎಂದುಕೊಂಡು ಅವಳೂ ಬಿಟ್ಟುಬಿಟ್ಟಿದ್ದಳು.

ಒಳಗಿನ ಸೋಫಾದ ಮೇಲೆ ಅವಳ ಅಜ್ಜಿ ವಿಮಲಮ್ಮ ಕೂತಿದ್ದರು. ಎಪ್ಪತ್ತು ದಾಟಿದ ಹೆಂಗಸು. ಪೊಲೀಸಿನವರು ಮನೆಗೆ ಬಂದರೆ ಜನ ಏನಾದರೂ ಕೇಳುತ್ತಾರೆ. ಇವರು ಏನೂ ಕೇಳದೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದರು.

ಹರ್ಷವರ್ಧನ ಮಹಡಿಯಿಂದ ಇಳಿದು ಬಂದ. ನಲವತ್ತು ದಾಟಿದ ಸಣಕಲು ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಮೆಲುದನಿ. ಖಾಸಗಿಯಾಗಿ ಜಮೀನು ಸರ್ವೆ ಮಾಡಿಕೊಡುವ ಆಫೀಸು ಇಟ್ಟಿದ್ದ. ಸಿರಿಗೆ ಕಾಫಿ ಮಾಡಲು ಹೇಳಿ ಅವಳು ಒಳಗೆ ಹೋಗುವವರೆಗೆ ಕಾದ.

ಫೋನ್ ಮಾಡಿದ್ದು ನಿಜವೇ ಎಂದು ಯೋಗರಾಜ್ ಕೇಳಿದರು. ನಿಜ ಎಂದ. ಯಾಕೆ ಮತ್ತೆ ಕಪ್ಪು ಪಾಲಿಶ್ ಬೇಕಾಯಿತು ಎಂದು ಕೇಳಿದರು.

ಹರ್ಷವರ್ಧನ ತಾಯಿಯ ಕಡೆ ಒಮ್ಮೆ ನೋಡಿ ಹೇಳತೊಡಗಿದ. ಕ ಅಂದರೆ ಕವನ, ತನ್ನ ತಂಗಿ. ಆಗ ಇವರು ಕುಂಸಿಯಲ್ಲಿದ್ದರು. ತಂದೆ ಭೈರಪ್ಪನವರು ಪ್ರತಿ ಯುಗಾದಿಗೆ ಮಕ್ಕಳಿಬ್ಬರನ್ನೂ ಕಪಾಟಿನ ಬಾಗಿಲಿಗೆ ನಿಲ್ಲಿಸಿ ಗೆರೆ ಕೊರೆಯುತ್ತಿದ್ದರು. ತೊಂಬತ್ತೊಂದರ ಮಳೆಗಾಲದಲ್ಲಿ ಕವನ ಊರ ಕೆರೆಗೆ ಬಿದ್ದು ತೀರಿಕೊಂಡಳು. ಆರು ವರ್ಷ. ಆ ಗೆರೆಗಳನ್ನು ನೋಡಲಾಗದೆ ಅಪ್ಪನೇ ಅವನ್ನೆಲ್ಲ ಮುಚ್ಚಿಸಿ ಕಪ್ಪು ಹೊಡೆಸಿದರು. ತೊಂಬತ್ತೆಂಟರಲ್ಲಿ ಊರು ಬಿಟ್ಟು ಶಿವಮೊಗ್ಗಕ್ಕೆ ಬಂದ ಮೇಲೆ ಈ ಮನೆಯಲ್ಲಿ ಅವಳ ಹೆಸರು ಯಾರೂ ಎತ್ತಿಲ್ಲ.

“ನನ್ನ ಮಗಳಿಗೆ ಇದೆಲ್ಲ ಗೊತ್ತಿಲ್ಲ ಸರ್. ಅಮ್ಮ ಅದನ್ನ ನೋಡಿದ್ರೆ ತಡ್ಕೊಳ್ತಾರಾ, ನೀವೇ ಹೇಳಿ.”

ಯೋಗರಾಜ್‌ಗೆ ನಾಚಿಕೆಯಾಯಿತು. ಗೆರೆಗಳು ಅವನ ಮಾತಿಗೆ ಸರಿಯಾಗಿ ಹೊಂದುತ್ತಿದ್ದವು. ಕ ೯೧ಕ್ಕೆ ನಿಂತಿದ್ದನ್ನು ಅವರೇ ನೋಡಿದ್ದರು. ಸತ್ತ ಮಗುವಿನ ನೆನಪನ್ನು ಕೆದಕಲು ಮನೆಯವರೆಗೆ ಬಂದೆನಲ್ಲ ಅನಿಸಿತು. ಎದ್ದುಬಿಡೋಣ ಎಂದುಕೊಂಡು, ಬರೀ ಪದ್ಧತಿಗೆ ಕೇಳುವ ಹಾಗೆ, ಮಲವಗೊಪ್ಪದ ಶೆಡ್ಡಿಗೆ ಯಾವಾಗಲಾದರೂ ಹೋಗಿದ್ದಿರಾ ಎಂದು ಕೇಳಿದರು. ಇಲ್ಲವೇ ಇಲ್ಲ, ಕಪಾಟನ್ನು ದೇವರಾಜ್ ತಾನೇ ಗಾಡಿ ತಂದು ಒಯ್ದ, ಉಳಿದದ್ದೆಲ್ಲ ಫೋನಿನಲ್ಲೇ ಎಂದ ಹರ್ಷವರ್ಧನ.

ಆಮೇಲೆ, ಯಾರೂ ಕೇಳದೆ, ಅವನ ದನಿ ಸ್ವಲ್ಪ ಏರಿತು.

“ಬಾಗಿಲನ್ನ ಕಿಟಕಿ ಕೆಳಗೆ ಸ್ಟೂಲ್ ಮೇಲೆ ಮಲಗಿಸಿಟ್ಟಿದ್ದ ಸರ್ ಅವನು. ರೋಡಲ್ಲಿ ಹೋಗೋರೆಲ್ಲ ನಮ್ಮನೆ ವಿಷಯ ಓದ್ಕೊಂಡು ಹೋಗ್ಲಿ ಅಂತ.”

ಯೋಗರಾಜ್ ಸಿರಿ ತಂದಿಟ್ಟು ಹೋದ ಕಾಫಿ ಲೋಟದ ಕಡೆ ನೋಡುತ್ತಾ ಕೂತರು. ಸಿರಿಯ ಫೋಟೊದಲ್ಲಿ ಕಿಟಕಿ ಇರಲಿಲ್ಲ. ಸ್ಟೂಲ್ ಇರಲಿಲ್ಲ. ಹೀಗೆ ಬಾಯಿತಪ್ಪಿ ಬರುವ ಒಂದು ಮಾತನ್ನು ಹಿಡಿದು ಹಿಂದೆಲ್ಲ ಅವರು ಎಷ್ಟು ಹುರುಪಿನಿಂದ ಎದ್ದು ನಿಲ್ಲುತ್ತಿದ್ದರು. ಈಗ ಕಾಫಿ ಮುಗಿಸಿದರು, ಲೋಟ ಕೆಳಗಿಟ್ಟರು. ಬರೀ ಒಂದು ಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಅವನ ಮುಂದೆ ಅದನ್ನು ಎತ್ತಿದರೆ ಸಂಜೆಯೊಳಗೆ ಅವನು ಇನ್ನೊಂದು ಕತೆ ಹೊಂದಿಸಿಕೊಳ್ಳುತ್ತಾನೆ.

ಹೊರಡಲು ಎದ್ದಾಗ ವಿಮಲಮ್ಮ ಮೊದಲ ಸಲ ಬಾಯಿ ತೆರೆದರು.

“ಆ ಬಾಗಿಲನ್ನ ಪೂರ್ತಿ ಹೆರೆದಿದ್ರಾ?”

ಇಲ್ಲ, ಮೇಲಿನದು ಇನ್ನೂ ಹಾಗೇ ಇದೆ ಎಂದರು ಯೋಗರಾಜ್.

ಮುದುಕಿ ಮಗನ ಮುಖ ನೋಡಲಿಲ್ಲ. ಮಗ ಮಾತ್ರ ಅವರನ್ನೇ ನೋಡುತ್ತಿದ್ದ. ಅಮ್ಮ ಮಾತ್ರೆ ತೆಗೆದುಕೊಳ್ಳುವ ಹೊತ್ತಾಯಿತು ಎಂದು ಹೇಳಿ ತೋಳು ಹಿಡಿದು ಎಬ್ಬಿಸಿದ. ಗೇಟಿನ ತನಕ ಬಂದ ಸಿರಿಯ ಕೈಗೆ ಯೋಗರಾಜ್ ತಮ್ಮ ನಂಬರ್ ಬರೆದುಕೊಟ್ಟರು. ಏನಾದರೂ ಇದ್ದರೆ ಮಾಡಮ್ಮ, ಹೊತ್ತು ಗೊತ್ತು ನೋಡಬೇಡ ಎಂದರು.

ಶಿವಮೊಗ್ಗದಿಂದ ಮಲವಗೊಪ್ಪಕ್ಕೆ ದೂರವೇನಿಲ್ಲ. ಆದರೂ ಮಂಡಿ ನೋವಿಗೆ ನಡುವೆ ಎರಡು ಕಡೆ ಬೈಕ್ ನಿಲ್ಲಿಸಿ ಕಾಲು ಸಡಿಲ ಮಾಡಿಕೊಳ್ಳಬೇಕಾಯಿತು. ಆ ಮುದುಕಿ ಕೇಳಿದ್ದು ತಲೆಯಿಂದ ಹೋಗಲಿಲ್ಲ. ಗೆರೆಗಳನ್ನು ನೋಡಲಾರದ ತಾಯಿಯಾದರೆ ಸದ್ಯ ಇನ್ನೂ ಹೆರೆದಿಲ್ಲವಲ್ಲ ಎಂದು ಸಮಾಧಾನ ಪಡಬೇಕಿತ್ತು. ವಿಮಲಮ್ಮನ ಮುಖದಲ್ಲಿ ಅದಿರಲಿಲ್ಲ. ಹೆರೆಯಿರಿ ಎಂದು ಕೇಳಿಕೊಂಡ ಹಾಗಿತ್ತು.

ಕರಿಬಸಮ್ಮ ಶೆಡ್ಡಿನ ಮುಂದೆ ನೀರು ಚಿಮುಕಿಸುತ್ತಿದ್ದರು. ಬಾಗಿಲ ಮೇಲಿನ ಭಾಗವನ್ನೂ ಹೆರೆಯಬೇಕು ಎಂದು ಯೋಗರಾಜ್ ಹೇಳಿದ್ದು ಕೇಳಿ, ಬಿಂದಿಗೆ ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಗಂಡ ಅರ್ಧಕ್ಕೆ ಬಿಟ್ಟ ಕೆಲಸವನ್ನು ಮುಟ್ಟಿದ್ದು ಅವತ್ತೇ ಮೊದಲು. ಸ್ಪಿರಿಟ್ ಹಚ್ಚುವುದು, ಒಂದು ನಿಮಿಷ ಕಾಯುವುದು, ಉಕ್ಕಿನ ಪಟ್ಟಿ ಹಿಡಿದು ಮರದ ಎಳೆಯ ಗುಂಟ ಎಳೆಯುವುದು. ಪಟ್ಟಿಯ ತುದಿಯಲ್ಲಿ ಕಪ್ಪು ಅಂಟು ಸುರುಳಿಯಾಗಿ ಬರುತ್ತಿತ್ತು. ನಡುವೆ ಒಂದು ಸಲ ಕೈ ನಿಲ್ಲಿಸಿ, ಈ ಪಟ್ಟಿಯ ಹಿಡಿ ಅವರ ಕೈಗೆ ಸರಿಯಾಗಿ ಮಾಡಿಕೊಂಡಿದ್ದು, ತನಗೆ ಸ್ವಲ್ಪ ದೊಡ್ಡದಾಗುತ್ತೆ ಎಂದರು. ಯೋಗರಾಜ್ ಸ್ಪಿರಿಟ್ ಬಾಟಲಿ ಹತ್ತಿರ ಸರಿಸಿದರು.

ಮೊದಲು ಕಂಡದ್ದು ಕ ೯೨.

ಯೋಗರಾಜ್ ಕನ್ನಡಕ ಹಾಕಿಕೊಂಡು ಬಗ್ಗಿದರು. ತೊಂಬತ್ತೊಂದರ ಮಳೆಗಾಲದಲ್ಲಿ ಸತ್ತ ಹುಡುಗಿ ತೊಂಬತ್ತೆರಡರ ಯುಗಾದಿಗೆ ಎರಡು ಬೆರಳು ಬೆಳೆದಿದ್ದಳು.

“ಹೆರೀರಿ,” ಎಂದರು.

ಕ ೯೩. ಕ ೯೪. ನಡುವೆ ಹುಡುಗನ ಗೆರೆಗಳೂ ಬಂದವು: ಹ ೮೯, ಹ ೯೦, ಹ ೯೧. ಕರಿಬಸಮ್ಮ ಬಾಗಿಲ ತುದಿಯವರೆಗೂ ಹೋದರು. ಬೆವರು ಮೂಗಿನ ತುದಿಗೆ ಬಂದು ತೊಟ್ಟಿಕ್ಕುತ್ತಿತ್ತು. ಕ ೯೭ರವರೆಗೆ ಹುಡುಗಿ ಬೆಳೆಯುತ್ತಲೇ ಹೋಗಿದ್ದಳು. ಹ ೯೧ರ ಮೇಲೆ ಹುಡುಗನಿಗೆ ಒಂದು ಗೆರೆಯೂ ಇರಲಿಲ್ಲ.

ಹುಡುಗನನ್ನು ಹಾಸ್ಟೆಲಿಗೆ ಹಾಕಿರಬಹುದು ಎಂದು ಯೋಗರಾಜ್ ಮೊದಲು ಯೋಚಿಸಿದರು. ಓದಲು ಹೊರಗೆ ಹೋದ ಹುಡುಗ ಹಬ್ಬಕ್ಕೆ ಬರದೆ ಇದ್ದಿರಬಹುದು. ಅಷ್ಟರಲ್ಲಿ ಕರಿಬಸಮ್ಮ ಬಟ್ಟೆಯ ಚುಂಗನ್ನು ಸ್ಪಿರಿಟ್ಟಿನಲ್ಲಿ ನೆನೆಸಿ ಕ ೯೨ರ ಬಲಬದಿಯನ್ನು ಮತ್ತೆ ಒರೆಸಿದರು.

“ಸಾರ್, ಇಲ್ಲೊಂದು ಹ ಇದೆ. ಗೆರೆ ಇಲ್ಲ.”

ಹೌದು. ಸಣ್ಣದಾಗಿ, ಬಹಳ ಜೋಪಾನವಾಗಿ ಕೊರೆದ ಒಂದು ಹ. ಪಕ್ಕದಲ್ಲಿ ಗೆರೆಯಿಲ್ಲ, ಅಂಕಿಯಿಲ್ಲ. ಕ ೯೩ರ ಪಕ್ಕದಲ್ಲೂ ಅಂಥದೇ ಒಂದು. ೯೪ರಲ್ಲಿ, ೯೫ರಲ್ಲಿ, ಕೊನೆಯ ಗೆರೆಯವರೆಗೂ. ಪ್ರತಿ ಯುಗಾದಿಗೆ ಭೈರಪ್ಪ ಮಗಳನ್ನು ಬಾಗಿಲಿಗೆ ನಿಲ್ಲಿಸಿ ಗೆರೆ ಎಳೆದಿದ್ದಾರೆ. ಪಕ್ಕದಲ್ಲಿ ಮಗನ ಅಕ್ಷರ ಬರೆದು ಬಿಟ್ಟಿದ್ದಾರೆ. ಎಳೆಯಲು ಗೆರೆ ಇರಲಿಲ್ಲ. ಹಾಸ್ಟೆಲಿನ ಹುಡುಗನಾಗಿದ್ದರೆ ಆರು ಯುಗಾದಿಯಲ್ಲಿ ಒಂದಕ್ಕಾದರೂ ಬಂದು ನಿಂತಿರುತ್ತಿದ್ದ.

ಕರಿಬಸಮ್ಮ ಅದರ ಮೇಲೆ ಬೆರಳಿಟ್ಟು ನಿಂತರು. ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ.

“ಹೋದದ್ದು ಹುಡುಗ,” ಎಂದರು ಮೆಲ್ಲಗೆ.

ಯೋಗರಾಜ್ ಡಬ್ಬದ ಮೇಲೆ ಕೂತುಬಿಟ್ಟರು. ಕೆರೆಗೆ ಬಿದ್ದದ್ದು ಹರ್ಷವರ್ಧನ. ಬದುಕಿ ಬೆಳೆದದ್ದು ಕವನ. ತೊಂಬತ್ತೆಂಟರಲ್ಲಿ ಕುಂಸಿ ಬಿಟ್ಟು, ಯಾರೂ ಗುರುತಿಲ್ಲದ ಬಡಾವಣೆಗೆ ಬಂದು ಸೇರಿದ ಈ ಮನೆಯಲ್ಲಿ ಸತ್ತ ಹುಡುಗನ ಹೆಸರು ಇಟ್ಟುಕೊಂಡು ಬೇರೊಬ್ಬ ಮನುಷ್ಯ ಇದ್ದ. ಮದುವೆಯಾಗಿ, ಮಗಳನ್ನು ಬೆಳೆಸಿ, ಈಗ ಆ ಹೆಸರಿನಲ್ಲೇ ಜಮೀನು ಮಾರಲು ಹೊರಟಿದ್ದ. ಕವನ ಎಲ್ಲಿ? ಇದ್ದರೆ ಅವಳಿಗೀಗ ನಲವತ್ತು. ಇದನ್ನೆಲ್ಲ ಬಲ್ಲ ಒಬ್ಬರೇ ಒಬ್ಬರು ಆ ಸೋಫಾದ ಮೇಲೆ ಕೂತಿದ್ದರು, ಅವರು ತಮ್ಮ ಕೈಲಾದಷ್ಟು ಹೇಳಿಯೂ ಇದ್ದರು. ಅದನ್ನು ಅವನ ಎದುರಿಗೇ ಹೇಳಿದ್ದರು.

ತಾವು ಆಗಲೇ ಎದ್ದು ಬರಬಾರದಿತ್ತು.

ಇನ್ಸ್‌ಪೆಕ್ಟರಿಗೆ ಹೇಳಲು ಫೋನ್ ತೆಗೆದರು. ನಂಬರ್ ಒತ್ತುವ ಮೊದಲೇ ಅದು ಹೊಡೆದುಕೊಂಡಿತು. ಸಿರಿ.

ಅವಳು ಅಳುತ್ತಿರಲಿಲ್ಲ, ಆದರೆ ಉಸಿರು ಸಾಲದೆ ಮಾತು ತುಂಡಾಗುತ್ತಿತ್ತು. ಅಪ್ಪ ಅರ್ಧ ಗಂಟೆ ಮುಂಚೆ ಅಜ್ಜಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದರಂತೆ. ಕುಂಸಿಗೆ, ಜಮೀನಿನ ಕಾಗದಕ್ಕೆ ಅಜ್ಜಿಯ ಹೆಬ್ಬೆಟ್ಟು ಬೇಕು ಎಂದರಂತೆ. ಅಜ್ಜಿ ಬರುವುದಿಲ್ಲ ಎಂದು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರಂತೆ. ಈಗ ಅಪ್ಪನ ಫೋನ್ ಸ್ವಿಚ್ ಆಫ್.

ಯೋಗರಾಜ್ ಎದ್ದು ಬೈಕಿನ ಕಡೆ ನಡೆಯುತ್ತಲೇ, ಕಾರಿನ ನಂಬರ್ ಹೇಳು ಎಂದರು. ಹೇಳಿದಳು. ಅಜ್ಜಿ ಹೋಗುವಾಗ ಏನಾದರೂ ಅಂದರಾ ಎಂದು ಕೇಳಿದರು.

ಸಿರಿ ನೆನಪಿಸಿಕೊಂಡು ಹೇಳಿದಳು.

“ಅಪ್ಪ ಕೈ ಹಿಡಿದು ಎಳೆದ್ರು. ಆಗ ಅಜ್ಜಿ, ‘ಕೈ ಬಿಡು ಚಂದ್ರು, ನೋಯುತ್ತೆ’ ಅಂದ್ರು. ನಮ್ಮನೇಲಿ ಚಂದ್ರು ಅಂತ ಯಾರೂ ಇಲ್ಲ ಅಂಕಲ್.”